ಗ್ರಾಮೀಣ ಆವಿಷ್ಕಾರಿಗಳ ಮೊಬೈಲ್ ಬಳಗ: ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ



ಕಳೆ ತೆಗೆಯುವ ಸಲಕರಣೆಯನ್ನು ತಾನೇ ರೂಪಿಸಿಕೊಂಡ ರೈತ, ಸಿರಿಧಾನ್ಯದ ತಿನಿಸು ಮಾರುವ ಸ್ವಸಹಾಯ ಸಂಘದ ಮಹಿಳೆಯರು, ಇಂತಹವರನ್ನೆಲ್ಲ ಒಂದು ವಾಟ್ಸ್‌ಆ್ಯಪ್ ಬಳಗಕ್ಕೆ ಸೇರಿಸುವುದು ಅರ್ಧ ಗಂಟೆಯ ಕೆಲಸ. ಅಲ್ಲಿ ಅವರು ನಂಬಿಕೆಯಿಂದ ತಮ್ಮ ವಿದ್ಯೆಯನ್ನು ತೆರೆದಿಡುವಂತೆ ಮಾಡುವುದೇ ಕಷ್ಟ.

ಅಹಮದಾಬಾದಿನ ಪ್ರೊ. ಅನಿಲ್ ಗುಪ್ತಾ ಅವರು 1980ರ ದಶಕದ ಕೊನೆಯಲ್ಲಿ ಆರಂಭಿಸಿದ ಹನಿ ಬೀ ಜಾಲವು, ಅಂತರ್ಜಾಲ ಹಳ್ಳಿಗಳನ್ನು ತಲುಪುವ ಮೊದಲೇ ಇದಕ್ಕೊಂದು ದಾರಿ ತೋರಿತು. ಜ್ಞಾನ ನೀಡಿದವರ ಹೆಸರು ಅಳಿಯಬಾರದು. ಅವರಿಂದ ಪಡೆದದ್ದು ಅವರ ಭಾಷೆಯಲ್ಲೇ ಅವರಿಗೆ ಮರಳಬೇಕು ಎಂಬುದು ಅದರ ನಿಯಮ. ಆ ಜಾಲದ ಕನ್ನಡ ಪತ್ರಿಕೆಯ ಹೆಸರು ‘ಹಿತ್ತಲಗಿಡ’. ನಮ್ಮ ಹಳೆಯ ಗಾದೆಗೆ ಇದಕ್ಕಿಂತ ಸೊಗಸಾದ ಉತ್ತರ ಬೇಕೇ?

ಇಂದು ಒಂದು ವಿಡಿಯೊ ಹತ್ತು ಕೈ ದಾಟುವಷ್ಟರಲ್ಲಿ ಸಾಧನ ತಯಾರಿಸಿದವರ ಹೆಸರೇ ಕಳಚಿಹೋಗಬಹುದು. ನಷ್ಟ ಅಷ್ಟಕ್ಕೇ ನಿಲ್ಲದು. ಪೇಟೆಂಟ್ ಅರ್ಜಿ ಸಲ್ಲಿಸುವ ಮುನ್ನವೇ ಸಾಧನದ ರಚನೆ ಬಹಿರಂಗವಾದರೆ ಪೇಟೆಂಟ್ ಪಡೆಯುವ ಅವಕಾಶವೇ ಸಾಮಾನ್ಯವಾಗಿ ಕೈತಪ್ಪುತ್ತದೆ. ಆದುದರಿಂದ ನಿಮ್ಮ ವ್ಯಾಪ್ತಿಯಲ್ಲಿ ಅಂತಹ ಹೊಸ ಸಾಧನ ಕಂಡುಬಂದಲ್ಲಿ, ಗುಜರಾತಿನ ಗಾಂಧಿನಗರದಲ್ಲಿರುವ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನಕ್ಕೆ ಬರೆಯಲು ಮೊದಲು ಅವರಿಗೆ ನೆರವಾಗಿ. ವಿಡಿಯೊ ಆಮೇಲಾಗಲಿ, ಅದೂ ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರಿನ ಸಮೇತ.