ಹೆಣ್ಣುಮಕ್ಕಳ ಉಡುಗೊರೆಯಂಗಡಿ ಮತ್ತು ರೈತನ ಮನೆ

(ಮಹಿಳಾ ಮಂಡಳದ ವಾರ್ಷಿಕ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ನಾನು ಎದ್ದು ನಿಂತರೆ ಗೊಬ್ಬರದ ಗುಂಡಿಯ ಮಾತೋ ಬೀಜೋಪಚಾರದ ಮಾತೋ ಬರುವುದೆಂದು ತಾವು ಎಣಿಸುವುದು ಸಹಜ. ಕೃಷಿ ಡಿಪ್ಲೊಮಾ ಓದಿ ಬಂದವನು ನಾನು. ನನಗೆ ಗೊತ್ತಿರುವುದೂ ಅದೇ. ಆದರೆ ಈ ದಿನ ತಮ್ಮ ಮುಂದೆ ಬೇರೆ ಒಂದು ಬೆಳೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ಹೊಲದಲ್ಲಿ ಬೆಳೆಯುವುದಿಲ್ಲ. ಮನೆಯ ನಡುಮನೆಯಲ್ಲಿ ಬೆಳೆಯುತ್ತದೆ, ಫೋನಿನಲ್ಲಿ ಮಾರಾಟವಾಗುತ್ತದೆ, ಅಂಚೆಯಲ್ಲಿ ಹೋಗುತ್ತದೆ. ನಮ್ಮ ಹೆಣ್ಣುಮಕ್ಕಳು ನಡೆಸುತ್ತಿರುವ ಉಡುಗೊರೆಯಂಗಡಿಗಳೇ ಆ ಬೆಳೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಬ್ಲಾಕಿನ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳು ಮನೆ ನೋಡಲು ಹೋಗಿದ್ದೆ. ಆ ಮನೆಯ ಸೊಸೆ, ನಾನು ಅಕ್ಕ ಎಂದು ಕರೆಯುವವರು, ಮಜ್ಜಿಗೆ ಕೊಟ್ಟು, "ಗೂಡಿನ ಹಾರ ಕಟ್ಟಿ ಫೋನಿನಲ್ಲಿ ಮಾರಿದರೆ ಹೇಗಣ್ಣ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. "ಅದೆಲ್ಲ ಪೇಟೆಯವರ ಕೆಲಸ ಅಕ್ಕ, ನೀವು ಸೊಪ್ಪಿನ ಕಡೆ ನೋಡಿ" ಎಂದೆ. ಪಕ್ಕದಲ್ಲಿ ಕುಳಿತಿದ್ದ ಅವರ ಮಾವನವರು, "ಹಗಲೂ ರಾತ್ರಿ ಕೈಗೆ ಫೋನು ಕೊಟ್ಟು ಊರವರ ಬಾಯಿಗೆ ಬೀಳಬೇಕೇನಪ್ಪಾ?" ಎಂದರು. ಅದಕ್ಕೂ ನಾನು ತಲೆಯಾಡಿಸಿದೆ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ಗೂಡಿನ ಹಾರವೆಂದರೆ ಏನೆಂಬುದನ್ನು ರೇಷ್ಮೆ ಬೆಳೆಯದವರಿಗಾಗಿ ಹೇಳುತ್ತೇನೆ. ರೇಷ್ಮೆಗೂಡು ಬಿಡದ ಒಂದೇ ಎಳೆಯಿಂದ ಆದದ್ದು. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಆ ಎಳೆ ಸಾವಿರ ಮೀಟರಿನಷ್ಟು ಉದ್ದವಿರುತ್ತದೆ. ಆದರೆ ಮೊಟ್ಟೆಗಾಗಿ ಇಟ್ಟ ಗೂಡಿನಿಂದ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನ ಎಳೆ ಒಂದೇ ಸಮನೆ ಬಿಚ್ಚುವುದಿಲ್ಲ. ಆದಕಾರಣ ನೂಲು ತೆಗೆಯುವವರಿಗೆ ಅದು ಬೇಡ. ಬಿತ್ತನೆ ಕೋಠಿಗಳಲ್ಲಿ ಇಂಥ ಗೂಡು ರಾಶಿ ಬೀಳುತ್ತದೆ. ಅದನ್ನು ಶುಚಿಮಾಡಿ, ಎಸಳಿನ ಹಾಗೆ ಕತ್ತರಿಸಿ, ಬಣ್ಣ ಕಟ್ಟಿ, ಮಣಿ ಜರಿ ಸೇರಿಸಿ ಪೋಣಿಸಿದರೆ ಹಾರವಾಗುತ್ತದೆ. ಹೂವಿನ ಹಾರ ಸಂಜೆಗೆ ಬಾಡುತ್ತದೆ; ಇದು ವರ್ಷಗಟ್ಟಲೆ ಗೋಡೆಯ ಮೇಲಿರುತ್ತದೆ. ಸನ್ಮಾನ ಸಮಾರಂಭಗಳಲ್ಲಿ ತಾವೇ ನೋಡಿದ್ದೀರಿ.

ಆ ಅಕ್ಕ ನನ್ನ ಮಾತು ಕೇಳಲಿಲ್ಲ, ಒಳ್ಳೆಯದೇ ಆಯಿತು. ತಂಗಿಯ ನೆರವಿನಿಂದ ಇನ್‌ಸ್ಟಾಗ್ರಾಂನಲ್ಲಿ ಒಂದು ಪುಟ ತೆರೆದರು. ವಾಟ್ಸಾಪಿನಲ್ಲಿ ಬಂಧುಗಳಿಗೆ ಚಿತ್ರ ಕಳಿಸಿದರು. ಹಾರದ ಜೊತೆಗೆ ಮದುವೆಗೆ ತಾಂಬೂಲದ ಚೀಲ, ಗೌರಿ ಹಬ್ಬಕ್ಕೆ ಅಲಂಕಾರ ಮಾಡಿದ ಬಾಗಿನದ ಮೊರ, ಸಂಕ್ರಾಂತಿಗೆ ಎಳ್ಳು ಬೀರುವ ಪುಟ್ಟ ಡಬ್ಬಿ, ಹೀಗೆ ಒಂದೊಂದೇ ಸೇರಿತು. ಕೊಳ್ಳುವವರು ಬೆಂಗಳೂರಿನಲ್ಲಿದ್ದರು, ಮೈಸೂರಿನಲ್ಲಿದ್ದರು, ಮುಂಬಯಿಯ ಕನ್ನಡಿಗರ ಮನೆಗಳಲ್ಲಿಯೂ ಇದ್ದರು. ನಮ್ಮ ಕಣ್ಣಿಗೆ ಮಾಮೂಲಾದ ಮೊರ, ಊರು ಬಿಟ್ಟು ಹೋದವರ ಕಣ್ಣಿಗೆ ತವರಿನ ನೆನಪು. ನಮ್ಮ ಹೆಣ್ಣುಮಕ್ಕಳು ಮಾರುತ್ತಿರುವುದು ಅದನ್ನೇ.

ಎರಡನೆಯ ವರ್ಷದ ಮಳೆಗಾಲದಲ್ಲಿ ಆ ಮನೆಯ ಹುಳುವಿಗೆ ಹಾಲುತೊಂಡೆ ರೋಗ ತಗಲಿತು. ಇನ್ನೆರಡು ದಿನಕ್ಕೆ ಹಣ್ಣಾಗಬೇಕಿದ್ದ ಹುಳು. ಚಂದ್ರಿಕೆ ತೊಳೆದು ಒಣಗಿಸಿ ಇಟ್ಟಿದ್ದರು. ಅಷ್ಟನ್ನೂ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿದೆವು. ನಾನೂ ಸನಿಕೆ ಹಿಡಿದಿದ್ದೆ. ಆ ತಿಂಗಳು ಹುಡುಗನ ಶಾಲೆಯ ಫೀಸು, ಮನೆಯ ದಿನಸಿ ನಡೆದದ್ದು ಗೌರಿ ಹಬ್ಬಕ್ಕೆ ಮಾರಿದ ಹಾರ ಮತ್ತು ಮೊರದ ಹಣದಿಂದ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಚಪ್ಪಾಳೆ ತಟ್ಟಿ ಕುಳಿತುಕೊಳ್ಳಬಹುದಿತ್ತು. ಮುಗಿಯಲಿಲ್ಲ. ಹಣವೆಲ್ಲ ಗಂಡನ ಖಾತೆಗೆ ಬರುತ್ತಿತ್ತು. ಫೀಸು, ದಿನಸಿ ಕಳೆದು ಉಳಿದ ಹದಿನಾಲ್ಕು ಸಾವಿರ ರೂಪಾಯಿ ಬೋರಿನ ಮೋಟಾರು ರಿಪೇರಿಗೂ ಹಳೆಯ ಕೈಸಾಲಕ್ಕೂ ಹೋಯಿತು. ಯಾರೂ ಕುಡಿದು ಕಳೆಯಲಿಲ್ಲ, ಖರ್ಚು ನ್ಯಾಯವಾದದ್ದೇ. ಆದರೆ ದಸರೆಗೆ ಬೆಂಗಳೂರಿನಿಂದ ಒಂದೇ ಸಲ 40 ಹಾರಕ್ಕೆ ಬೇಡಿಕೆ ಬಂತು. ಗೂಡು ಕೊಳ್ಳಲು ಹಣವಿಲ್ಲ, ಮಣಿಗೆ ಹಣವಿಲ್ಲ, ರಟ್ಟಿನ ಪೆಟ್ಟಿಗೆಗೂ ಹಣವಿಲ್ಲ. "ಕ್ಷಮಿಸಿ, ಈ ಸಲ ಆಗುವುದಿಲ್ಲ" ಎಂದು ಅಕ್ಕ ಫೋನಿನಲ್ಲಿ ಬರೆಯುವಾಗ ನಾನು ಅಲ್ಲೇ ಇದ್ದೆ. ಮಾವನವರು ಬಹಳ ಹೊತ್ತು ಸುಮ್ಮನಿದ್ದು, "ಬಿತ್ತನೆ ರಾಗಿಯನ್ನೇ ಬೇಯಿಸಿ ಉಂಡುಬಿಟ್ಟೆವಲ್ಲಪ್ಪಾ" ಎಂದರು.

ರೈತನ ಬಾಯಿಂದ ಬಂದ ಆ ಮಾತಿಗಿಂತ ದೊಡ್ಡ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಎಂಥ ಬರಗಾಲದಲ್ಲಿಯೂ ನಾವು ಬಿತ್ತನೆ ಕಾಳಿನ ಮಡಕೆಗೆ ಕೈಹಾಕುವುದಿಲ್ಲ. ಹಾಗೆಯೇ ಅಂಗಡಿಯ ಮೂಲಧನಕ್ಕೂ ಕೈಹಾಕಬಾರದು. ಅಂಗಡಿಯ ಹಣ ಅಂಗಡಿ ನಡೆಸುವವಳ ಹೆಸರಿನ ಖಾತೆಗೇ ಬರತಕ್ಕದ್ದು. ಪ್ರತಿ ಹಬ್ಬ ಕಳೆದ ಮೇಲೆ ಮುಂದಿನ ಹಬ್ಬದ ಸಾಮಾನಿಗೆ ಬೇಕಾದಷ್ಟನ್ನು ಮೊದಲು ಎತ್ತಿಡಬೇಕು. ಉಳಿದದ್ದು ಅವಳ ದುಡಿಮೆ. ಅದರಿಂದ ಮನೆಗೆ ಎಷ್ಟು ಕೊಡಬೇಕೆಂಬುದನ್ನು ಅವಳನ್ನು ಕೂರಿಸಿಕೊಂಡು ಮಾತಾಡಿ ತೀರ್ಮಾನಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಹೆಂಗಸರು ಕೈಗೆಲಸದಲ್ಲಿ ಸೋಲುವುದಿಲ್ಲ, ಬೆಲೆ ಕಟ್ಟುವುದರಲ್ಲಿ ಸೋಲುತ್ತಾರೆ. ಆ ಅಕ್ಕ ಮೊದಲು ಒಂದು ಹಾರವನ್ನು ಅಂಚೆಯೂ ಸೇರಿ 250 ರೂಪಾಯಿಗೆ ಕೊಡುತ್ತಿದ್ದರು. ಗೂಡಿಗೆ 60, ಬಣ್ಣ ಮಣಿ ಜರಿಗೆ 45, ಒಟ್ಟು 105. ಉಳಿದ 145 ಲಾಭವೆಂದು ತಿಳಿದಿದ್ದರು. ನಾವಿಬ್ಬರೂ ಜಗುಲಿಯಲ್ಲಿ ಕುಳಿತು ಮತ್ತೆ ಬರೆದೆವು. ಪೆಟ್ಟಿಗೆಗೆ 35, ಅಂಚೆಗೆ 70. ಅಲ್ಲಿಗೆ ಖರ್ಚು 210 ಆಯಿತು. ಕೈಯಲ್ಲಿ ಉಳಿದದ್ದು 40 ರೂಪಾಯಿ, ಅದೂ ಮೂರು ಗಂಟೆಯ ದುಡಿಮೆಗೆ! ಗಂಟೆಗೆ 50 ರೂಪಾಯಿಯಂತೆ ಅವರ ಕೂಲಿ 150 ಹಿಡಿದು, ಹಾಳಾದ ಗೂಡಿಗೂ ಹಿಂದಿರುಗುವ ಪೊಟ್ಟಣಕ್ಕೂ 20 ಸೇರಿಸಿದರೆ ಒಂದು ಹಾರದ ನಿಜವಾದ ಖರ್ಚು 380. ಎಂದರೆ ಪ್ರತಿ ಹಾರಕ್ಕೂ 130 ರೂಪಾಯಿ ನಷ್ಟ. ಈಗ ಅವರು ಹಾರಕ್ಕೆ 360 ಹೇಳಿ, ಅಂಚೆಯ ಖರ್ಚನ್ನು ಬೇರೆಯಾಗಿ ಕೇಳುತ್ತಾರೆ. ಕೂಲಿ ಕಳೆದು 50 ರೂಪಾಯಿ ಉಳಿಯುತ್ತದೆ. ಬೆಲೆ ಏರಿಸಿದಾಗ ಕೆಲವರು ಬಿಟ್ಟುಹೋದರು, ಉಳಿದವರು ಸಾಕಾದರು.

ಈ ಲೆಕ್ಕ ಎಲ್ಲ ಊರಿಗೂ ಒಂದೇ ಅಲ್ಲ. ಆದರೆ ಬರೆಯುವ ಕ್ರಮ ಒಂದೇ. ಹೊಲದ ಲೆಕ್ಕದಲ್ಲಿ ಮನೆಯವರ ಕೂಲಿಯನ್ನು ಬಿಡುವುದು ನಮ್ಮ ಹಳೆಯ ಅಭ್ಯಾಸ. ಆ ತಪ್ಪನ್ನು ಹೆಣ್ಣುಮಕ್ಕಳ ಅಂಗಡಿಗೂ ದಾಟಿಸುವುದು ಬೇಡ.

ಇನ್ನು ಕಾಲ. ಬೆಳೆಗೆ ಹದವಿದ್ದಂತೆ ಉಡುಗೊರೆಗೂ ಹದವುಂಟು. ಆಷಾಢದಲ್ಲಿ ಮದುವೆಗಳಿಲ್ಲ, ಬೇಡಿಕೆ ಕಡಿಮೆ. ಆ ತಿಂಗಳು ಕುಳಿತು ಸಾಮಾನು ಕಟ್ಟಿಡಬೇಕು. ಶ್ರಾವಣದ ವರಮಹಾಲಕ್ಷ್ಮಿ ಪೂಜೆಯಿಂದ ಸುಗ್ಗಿ ಮೊದಲಾಗಿ ಗೌರಿ, ದಸರೆ, ದೀಪಾವಳಿಯವರೆಗೆ ನಡೆಯುತ್ತದೆ. ಹಬ್ಬಕ್ಕೆ ಹತ್ತು ದಿನವಿರುವಾಗಲೇ ಬೇಡಿಕೆ ನಿಲ್ಲಿಸಿಬಿಡಬೇಕು. ಹಬ್ಬ ಕಳೆದು ಮುಟ್ಟಿದ ಬಾಗಿನ ಯಾರಿಗೂ ಬೇಡ.

ಚಿತ್ರ ತೆಗೆಯುವಾಗ ಬೆಳಗಿನ ಹೊತ್ತು ಹೊಸ್ತಿಲ ಬಳಿ ಬಿಳಿ ಬಟ್ಟೆ ಹಾಸಿ ತೆಗೆಯಿರಿ. ಬಣ್ಣ ಇದ್ದಂತೆಯೇ ಕಾಣಲಿ. ಉದ್ದವೆಷ್ಟು, ತೂಕವೆಷ್ಟು, ನೀರು ತಾಗಬಹುದೋ ಬಾರದೋ ಎಂಬುದನ್ನು ಬರೆಯಿರಿ. ಸುಳ್ಳು ಹೆಸರಿನಿಂದ ಮಾರಬೇಡಿ. ಚನ್ನಪಟ್ಟಣದ ಅರಗಿನ ಬೊಂಬೆಗೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಗುರುತು ದೊರೆತಿದೆ. ಬೇರೆಡೆ ಮಾಡಿದ ಮಾಲಿಗೆ ಆ ಹೆಸರಿಡುವುದು ಕಾನೂನಿಗೂ ವಿರುದ್ಧ, ಧರ್ಮಕ್ಕೂ ವಿರುದ್ಧ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ಹೆಸರಿನ ಹಿಂದೆ ಎಷ್ಟು ಕೈಗಳಿವೆ ನೋಡಿ. ನಮ್ಮ ಹಳ್ಳಿಯ ಮಾಲಿಗೆ ನಮ್ಮ ಹಳ್ಳಿಯ ಹೆಸರನ್ನೇ ಇಡೋಣ.

ಕಾಯಿದೆಯ ವಿಚಾರ ಎರಡೇ ಮಾತು. ದೊಡ್ಡ ಮಾರಾಟ ಜಾಲಗಳ ಮೂಲಕ ಮಾರುವ ಸಣ್ಣವರಿಗೂ ಹಿಂದೆ ಜಿಎಸ್‌ಟಿ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿನ ವಹಿವಾಟಿನವರು ತಮ್ಮ ರಾಜ್ಯದೊಳಗೆ ಮಾಲು ಮಾರುವುದಾದರೆ, ಒಂದು ದಾಖಲೆ ಸಂಖ್ಯೆ ಪಡೆದು ನೋಂದಣಿಯಿಲ್ಲದೆ ಮಾರಬಹುದಾಗಿದೆ. ಹೊರರಾಜ್ಯಕ್ಕೆ ಕಳಿಸುವುದಕ್ಕೆ ನಿಯಮ ಬೇರೆ. ತಿಳಿದವರನ್ನು ಕೇಳಿ ಮುಂದುವರಿಯಿರಿ. ಎಳ್ಳುಬೆಲ್ಲ, ಚಿಕ್ಕಿ, ಉಂಡೆಯಂಥ ತಿನ್ನುವ ಪದಾರ್ಥವಿದ್ದರೆ ಮನೆಯಲ್ಲಿ ಮಾಡಿದರೂ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಬೇಕು. ಉದ್ಯಮ ನೋಂದಣಿಗೆ ಶುಲ್ಕವಿಲ್ಲ. ಹಣ ಕೇಳಿದವರಿಗೆ ಕೊಡಬೇಡಿ. ತರಬೇತಿ ಬೇಕಾದವರು ಜಿಲ್ಲೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗಬಹುದು. 1982ರಲ್ಲಿ ಉಜಿರೆಯಲ್ಲಿ ಪ್ರಾರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇವು ನಡೆಯುತ್ತಿವೆ. ಊಟ ವಸತಿಯೊಡನೆ ತರಬೇತಿ ಉಚಿತ.

ಕೊನೆಯದಾಗಿ ಒಂದು ನೋವಿನ ವಿಷಯ. ಇನ್ನೊಂದು ಹಳ್ಳಿಯಲ್ಲಿ ತಾಂಬೂಲದ ಚೀಲ ಹೊಲಿಯುವ ಹುಡುಗಿಗೆ ಒಬ್ಬ ಫೋನು ಮಾಡಿ, ತಾನು ಸೇನೆಯವನೆಂದೂ 200 ಚೀಲ ಬೇಕೆಂದೂ ಹೇಳಿದ. ಮುಂಗಡ ಕಳಿಸುತ್ತೇನೆಂದು ಒಂದು ಚೌಕದ ಚಿತ್ರ ಕಳಿಸಿ, ಅದನ್ನು ಸ್ಕ್ಯಾನ್ ಮಾಡಿ ಗುಟ್ಟಿನ ಸಂಖ್ಯೆ ಒತ್ತಲು ತಿಳಿಸಿದ. ಒತ್ತಿದಳು. ಹಣ ಬರಲಿಲ್ಲ; ಖಾತೆಯಲ್ಲಿದ್ದ 8,400 ರೂಪಾಯಿ ಹೋಯಿತು.

ತಾಯಂದಿರೇ, ಅಕ್ಕತಂಗಿಯರೇ, ಇದನ್ನು ಗಟ್ಟಿಯಾಗಿ ನೆನಪಿಡಿ. ಹಣ ಕೊಡುವುದಕ್ಕೆ ಮಾತ್ರ ಗುಟ್ಟಿನ ಸಂಖ್ಯೆ ಬೇಕು. ಹಣ ಬರುವುದಕ್ಕೆ ಯಾವ ಸಂಖ್ಯೆಯನ್ನೂ ಒತ್ತಬೇಕಾಗಿಲ್ಲ. ಮೋಸವಾಯಿತೆಂದು ಕಂಡೊಡನೆ 1930 ಎಂಬ ಸಂಖ್ಯೆಗೆ ಫೋನು ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಬೇಗ ತಿಳಿಸಿದರೆ ಹಣ ಕೈದಾಟುವ ಮೊದಲು ತಡೆಯುವ ಅವಕಾಶವುಂಟು.

ಆ ಹುಡುಗಿ ತಿಳಿಸಿದ್ದು ಮೂರು ದಿನ ಕಳೆದ ಮೇಲೆ. ಏಕೆ? "ಅಪ್ಪ ಬೈದು ಫೋನು ಕಿತ್ತುಕೊಳ್ಳುತ್ತಾರೆ" ಎಂಬ ಭಯ. ಮೂರು ದಿನ ಊಟ ಬಿಟ್ಟು, ಜ್ವರವೆಂದು ಹೇಳಿ ಮಲಗಿದ್ದಳು. ಮೋಸಗಾರ ತೆಗೆದುಕೊಂಡದ್ದು ಹಣವನ್ನು. ಆ ಮೂರು ದಿನವನ್ನು ತೆಗೆದುಕೊಂಡದ್ದು ನಮ್ಮ ಮನೆಯ ಬೈಗುಳ. ಗಂಡಸರಾದ ನಾವು ಯೋಚಿಸಬೇಕಾದ ಮಾತು ಇದು. ಮಂಡಿಯಲ್ಲಿ ತೂಕದ ಮೋಸಕ್ಕೆ ನಾವು ಸಿಕ್ಕಿಲ್ಲವೇ? ನಕಲಿ ಬೀಜ ತಂದು ಬಿತ್ತಿಲ್ಲವೇ? ಆಗ ಯಾರೂ ನಮಗೆ ಹೊಲಕ್ಕೆ ಹೋಗಬೇಡವೆನ್ನಲಿಲ್ಲ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ದೇಶದಲ್ಲಿ ಮೊದಲಾದಾಗ ಮಹಿಳಾ ಮಂಡಳಗಳಲ್ಲಿ ಹೊಲಿಗೆ ಕಲಿಸಿದರು. ಬಟ್ಟೆ ಹೊಲಿದವರಿಗೆ ಸಂತೆ ದೂರವಿತ್ತು. ಈಗ ಸಂತೆಯೇ ಅಂಗೈಗೆ ಬಂದಿದೆ. ಮನೆಯವರು ಅಂಗೈ ಬಿಡಿಸಲು ಬಿಡಬೇಕು, ಅಷ್ಟೆ.

ಆದುದರಿಂದ ಈ ರಾತ್ರಿ ಮನೆಗೆ ಹೋಗಿ ಮೂರು ಕೆಲಸ ಮಾಡಿ ಎಂದು ಪ್ರಾರ್ಥಿಸುತ್ತೇನೆ. ಮಗಳೋ ಸೊಸೆಯೋ ಇಂಥ ಕೆಲಸಕ್ಕೆ ಮನಸ್ಸು ಮಾಡಿದ್ದರೆ ನನ್ನಂತೆ ನಗದೆ ಕೇಳಿ. ಅವಳ ಹೆಸರಿನಲ್ಲಿ ಖಾತೆ ಇದೆಯೇ, ಅದು ಅವಳ ಕೈಯಲ್ಲಿದೆಯೇ ನೋಡಿ. ಏನಾದರೂ ತಪ್ಪಾದರೆ ಮೊದಲು ಬಂದು ನಮಗೇ ಹೇಳು, ಬೈಯುವುದಿಲ್ಲ ಎಂದು ಮಾತು ಕೊಡಿ.

ಆ ಅಕ್ಕನ ಮಾವನವರು ಈಗ ಏನು ಮಾಡುತ್ತಿದ್ದಾರೆಂದು ತಾವು ಕೇಳಬಹುದು. ವಾರಕ್ಕೆ ಎರಡು ದಿನ ತಮ್ಮ ಮೊಪೆಡ್ಡಿನ ಹಿಂದೆ ಪೊಟ್ಟಣಗಳನ್ನು ಕಟ್ಟಿಕೊಂಡು ಅಂಚೆ ಕಚೇರಿಗೆ ಹೋಗುತ್ತಾರೆ. ಹೋದ ವಾರ ದಾರಿಯಲ್ಲಿ ಸಿಕ್ಕಿ, "ನಿಲ್ಲಿಸಬೇಡಪ್ಪಾ, ಮೂರು ಗಂಟೆಗೆ ಚೀಲ ಕಟ್ಟಿಬಿಡುತ್ತಾರೆ" ಎಂದು ಹೇಳಿ ಹೊರಟೇಹೋದರು. ಹಿಪ್ಪುನೇರಳೆಗೆ ಯಾವ ಗೊಬ್ಬರ ಹಾಕಬೇಕೆಂದು ಕೇಳಲೂ ಅವರಿಗೆ ಪುರುಸೊತ್ತಿರಲಿಲ್ಲ!