ಸಹಿ ಹಾಕೋಕೆ ಮುಂಚೆ ಒಂದು ಸಲ ಬನ್ನಿ

ನಾನು ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ವಕೀಲೆ. ಕೋರ್ಟ್‌ಗೆ ನಡೆದು ಹೋಗುವಷ್ಟು ದೂರದಲ್ಲಿ ನಮ್ಮದೊಂದು ಸಣ್ಣ ಆಫೀಸ್ ಇದೆ. ಅದರ ಹೆಸರು ಮಾತ್ರ ಕೇಳಬೇಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36ರ ಪ್ರಕಾರ ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯೋ ಹಾಗಿಲ್ಲ. ಪಾಡ್‌ಕಾಸ್ಟ್‌ನಲ್ಲಿ ಮಾತಾಡುವಾಗಲೂ ಅದು ನೆನಪಿರಲಿ ಅಂತ ನಮ್ಮ ಸೀನಿಯರ್ ಬೆಳಿಗ್ಗೆ ಎರಡು ಸಲ ಹೇಳಿ ಕಳಿಸಿದ್ದಾರೆ. ಇವತ್ತು ಹೇಳೋ ಪ್ರಸಂಗಗಳಲ್ಲಿ ಜನರ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನೂ ಬದಲಿಸಿದ್ದೀನಿ.

ನಮ್ಮ ಆಫೀಸ್ ಅಂದ್ರೆ ಒಂದು ರೂಮು, ಮುಂದೆ ಒಂದು ಬೆಂಚು. ಸೀನಿಯರ್, ನಾನು, ಒಬ್ಬರು ಗುಮಾಸ್ತರು, ಒಟ್ಟು ಮೂರೇ ಜನ. ಸಿನಿಮಾದಲ್ಲಿ ತೋರಿಸೋ ಥರ ಟೇಬಲ್ ಗುದ್ದಿ ವಾದ ಮಾಡೋ ಕೇಸ್‌ಗಳು ನಮಗೆ ಬರೋದು ಕಮ್ಮಿ. ಬರೋದು ಜಮೀನಿನ ಭಾಗ, ಹದ್ದುಬಸ್ತು, ಕೊಬ್ಬರಿ ವ್ಯಾಪಾರದ ಬಾಕಿ, ಬೌನ್ಸ್ ಆದ ಚೆಕ್ಕು, ಗಂಡ ಹೆಂಡತಿ ಜೀವನಾಂಶ, ಬೈಕ್ ಆಕ್ಸಿಡೆಂಟು. ಊರಿನ ಕಷ್ಟ ಏನಿದೆಯೋ ಅದೇ ನಮ್ಮ ಫೈಲು.

ನಾನು ಇಲ್ಲಿಗೆ ಸೇರಿದಾಗ ವಕೀಲರ ಕೆಲಸ ಅಂದ್ರೆ ವಾದ ಮಾಡೋದು ಅಂದ್ಕೊಂಡಿದ್ದೆ. ಮೊದಲ ಆರು ತಿಂಗಳು ನಾನು ಮಾಡಿದ್ದು ಓದೋದು. ಜನ ಒಂದು ಪ್ಲಾಸ್ಟಿಕ್ ಕವರ್ ತರ್ತಾರೆ. ಅದರೊಳಗೆ ಹಳೇ ಪಹಣಿ, ಆಧಾರ್ ಜೆರಾಕ್ಸ್, ಎಲ್‌ಐಸಿ ರಸೀದಿ, ಅದರ ಮಧ್ಯೆ ಮಡಚಿಟ್ಟ ಒಂದು ಇಂಗ್ಲಿಷ್ ನೋಟಿಸ್ ಇರುತ್ತೆ. ಮೂರು ದಿನದಿಂದ ಮನೇಲಿ ಯಾರೂ ಸರಿಯಾಗಿ ಊಟ ಮಾಡಿರಲ್ಲ. "ಮೇಡಂ, ಅರೆಸ್ಟ್ ಮಾಡ್ತಾರಾ?" ಅಂತ ಮೊದಲ ಪ್ರಶ್ನೆ.

ಓದಿ ನೋಡಿದ್ರೆ ಅದು ಇನ್ನೊಬ್ಬ ವಕೀಲರು ಕಳಿಸಿದ ನೋಟಿಸ್ ಆಗಿರುತ್ತೆ. ಕೋರ್ಟ್‌ನಿಂದ ಬಂದದ್ದೇ ಅಲ್ಲ. ಕೋರ್ಟ್‌ನಿಂದ ಸಮನ್ಸ್ ಬಂದಿದ್ರೂ ಅದರ ಅರ್ಥ ಇಂಥ ದಿನ ಬಂದು ನಿಮ್ಮ ಮಾತು ಹೇಳಿ ಅಂತ ಅಷ್ಟೇ. ಆದರೆ ಭಯಬಿದ್ದು ಅದನ್ನ ಬೀರುವಿನಲ್ಲಿ ಇಟ್ಟುಬಿಟ್ರೆ ನಿಜವಾದ ತೊಂದರೆ ಶುರು. ಸಿವಿಲ್ ಕೇಸ್‌ನಲ್ಲಿ ಸಮನ್ಸ್ ಬಂದ 30 ದಿನದೊಳಗೆ ಉತ್ತರ ಕೊಡಬೇಕು. ಕೋರ್ಟ್ ಒಪ್ಪಿದ್ರೆ ಅದನ್ನ 90 ದಿನದ ತನಕ ಎಳೀಬಹುದು. ಹೋಗದೇ ಇದ್ರೆ ಎದುರಿನವರ ಮಾತನ್ನಷ್ಟೇ ಕೇಳಿ ತೀರ್ಪು ಆಗಬಹುದು. ಹಾಗಾಗಿ ನಾವು ಕಾಗದವನ್ನ ಕನ್ನಡದಲ್ಲಿ ಓದಿ ಹೇಳ್ತೀವಿ, ಕೊನೇ ದಿನಾಂಕ ಯಾವುದು ಅಂತ ಅದರ ಮೇಲೇ ದೊಡ್ಡದಾಗಿ ಬರೆದುಕೊಡ್ತೀವಿ. ಇದಕ್ಕೆ ಫೀಸ್ ತಗೊಳ್ಳಲ್ಲ. ಹತ್ತು ನಿಮಿಷದ ಕೆಲಸ, ಆದರೆ ಆ ಮನೇಲಿ ಅವತ್ತು ರಾತ್ರಿ ಜನ ಮಲಗ್ತಾರೆ.

ದಿನಾಂಕದ ವಿಷಯಕ್ಕೆ ನಾನು ಯಾಕೆ ಇಷ್ಟು ಒತ್ತು ಕೊಡ್ತೀನಿ ಅನ್ನೋದಕ್ಕೆ ಒಂದು ಕಾರಣ ಇದೆ. ಅದು ನನ್ನದೇ ತಪ್ಪು.

ಒಬ್ಬ ಹಿರಿಯರು ಒಂದು ಶುಕ್ರವಾರ ಸಂಜೆ ಬಂದ್ರು. ಕೊಬ್ಬರಿ ಮಾರಿದ್ದಕ್ಕೆ ವ್ಯಾಪಾರಿ ಕೊಟ್ಟ ಚೆಕ್ ವಾಪಸ್ ಬಂದಿತ್ತು. ಮೊತ್ತ 1,40,000 ರೂಪಾಯಿ. ಸೀನಿಯರ್ ಊರಲ್ಲಿ ಇರಲಿಲ್ಲ. ನಾನು ಇನ್ನೊಂದು ಕೇಸಿನ ಕಾಗದ ಟೈಪ್ ಮಾಡಿಸ್ತಾ ಇದ್ದೆ. "ಸೋಮವಾರ ಬನ್ನಿ ಯಜಮಾನ್ರೇ, ಸರ್ ಇರ್ತಾರೆ" ಅಂದೆ. ಬ್ಯಾಂಕಿನ ಮೆಮೊ ಮೇಲಿದ್ದ ದಿನಾಂಕವನ್ನ ನೋಡಲೇ ಇಲ್ಲ.

ಅವತ್ತು 28ನೇ ದಿನ ಆಗಿತ್ತು. ಚೆಕ್ ವಾಪಸ್ ಬಂದ ಮಾಹಿತಿ ಬ್ಯಾಂಕ್‌ನಿಂದ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು. ಅದು ತಲುಪಿದ ಮೇಲೆ ಹಣ ಕೊಡೋಕೆ 15 ದಿನ. ಕೊಡದಿದ್ರೆ ಆಮೇಲೆ ಒಂದು ತಿಂಗಳೊಳಗೆ ಕೋರ್ಟ್‌ನಲ್ಲಿ ದೂರು. ದೂರು ತಡವಾದ್ರೆ ಸರಿಯಾದ ಕಾರಣ ಹೇಳಿ ಕೋರ್ಟ್‌ಗೆ ಕೇಳಿಕೊಳ್ಳಬಹುದು. ನೋಟಿಸ್ ತಡವಾದ್ರೆ ಆ ಅವಕಾಶ ಇಲ್ಲ. ಚೆಕ್ಕಿಗೆ ಮೂರು ತಿಂಗಳ ವಾಯಿದೆ ಇನ್ನೂ ಇದ್ದಿದ್ರೆ ಮತ್ತೆ ಬ್ಯಾಂಕಿಗೆ ಹಾಕಬಹುದಿತ್ತು. ಅದೂ ಮುಗಿದಿತ್ತು. ಸೋಮವಾರ ಅವರು ಬರುವಷ್ಟರಲ್ಲಿ ಚೆಕ್ ಬೌನ್ಸ್ ಕೇಸ್ ಹಾಕೋ ದಾರಿ ಮುಚ್ಚಿಹೋಗಿತ್ತು.

ಸೀನಿಯರ್ ನನ್ನ ಮೇಲೆ ಕೂಗಾಡಲಿಲ್ಲ. ಆ ಹಿರಿಯರನ್ನ ಒಳಗೆ ಕೂರಿಸಿ, ನನ್ನ ಎದುರಿಗೇ, "ತಪ್ಪು ನಮ್ಮದು, ಶುಕ್ರವಾರವೇ ಮಾಡಬೇಕಿತ್ತು" ಅಂದ್ರು. ಹಣ ವಸೂಲಿಗೆ ಸಿವಿಲ್ ದಾವೆ ಹಾಕೋಕೆ ಮೂರು ವರ್ಷದ ಕಾಲಮಿತಿ ಇನ್ನೂ ಇತ್ತು. ಅದನ್ನ ಹಾಕಿದ್ವಿ, ಫೀಸ್ ತಗೊಳ್ಳಲಿಲ್ಲ. ಎರಡು ವರ್ಷ ಆದ್ಮೇಲೆ ರಾಜಿ ಆಯ್ತು. ಕಂತಿನಲ್ಲಿ ಹಣ ಬಂತು, ಪೂರ್ತಿ ಬರಲಿಲ್ಲ. ಆ ಎರಡು ವರ್ಷವೂ ಅವರು ಪ್ರತಿ ಡೇಟ್‌ಗೆ ಬಸ್ಸಲ್ಲಿ ಬರ್ತಿದ್ರು. ಬೆಂಚಿನ ಮೇಲೆ ಅವರನ್ನ ನೋಡಿದಾಗೆಲ್ಲ ನನಗೆ ಆ ಶುಕ್ರವಾರ ನೆನಪಾಗೋದು. ಈಗ ಯಾರೇ ಬಂದ್ರೂ, ಎಷ್ಟೇ ಕೆಲಸ ಇದ್ರೂ, ಮೊದಲು ಕಾಗದದ ಮೇಲಿನ ದಿನಾಂಕ ನೋಡ್ತೀನಿ. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿಂದ ಕೊನೇ ದಿನ ಬರೀತೀವಿ.

ಇನ್ನೊಂದು ಪ್ರಸಂಗ ಹೇಳ್ತೀನಿ. ಇದು ನಿಮ್ಮಲ್ಲಿ ಬಹಳ ಜನರ ಮನೆಗೆ ಸಂಬಂಧಪಟ್ಟಿದ್ದು.

ನಮ್ಮ ಹಳೇ ಕಕ್ಷಿದಾರರೊಬ್ಬರು ಬಂದ್ರು. "ಮೇಡಂ, ಅಕ್ಕನ ಹತ್ರ ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸಬೇಕು. ನಾಳೆನೇ ಸಬ್ ರಿಜಿಸ್ಟ್ರಾರ್ ಆಫೀಸ್‌ಗೆ ಹೋಗ್ತೀವಿ. ಅವಳು ಒಪ್ಪಿದ್ದಾಳೆ." ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ರು. ಒಳಗೆ ಕರೆದು, "ನೀವು ಯಾವುದಕ್ಕೆ ಸಹಿ ಹಾಕ್ತಿದ್ದೀರಿ ಗೊತ್ತಾ?" ಅಂತ ಕೇಳಿದೆ. "ಏನೋ ಪಹಣಿ ಸರಿ ಮಾಡಿಸೋದಂತೆ" ಅಂದ್ರು.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅನ್ನೋದು ನಿಮಗೆ ಗೊತ್ತಿರಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು. ಆದರೆ ಅಷ್ಟರೊಳಗೆ ಮದುವೆ ಆಗಿದ್ದವರಿಗೆ ಅದು ಸಿಗ್ತಿರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದ ಮೇಲೆ ಮದುವೆ ಆಗಿದೆಯೋ ಇಲ್ಲವೋ ಅನ್ನೋ ಭೇದ ಹೋಯ್ತು. ಆ ದಿನ ಅಪ್ಪ ಬದುಕಿರಲೇಬೇಕಾ ಅನ್ನೋ ಗೊಂದಲ ಇತ್ತು. ಹಾಗೇನಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ಭಾಗ ಆಗಿಹೋಗಿದ್ರೆ ಮಾತ್ರ ಅದನ್ನ ಮತ್ತೆ ತೆರೆಯೋಕೆ ಆಗಲ್ಲ.

ಹಕ್ಕು ಬಿಟ್ಟುಕೊಡೋದು ತಪ್ಪಲ್ಲ. ತಮ್ಮನ ಕಷ್ಟ ನೋಡಿ, ತಿಳಿದು, ಮನಸಾರೆ ಬಿಟ್ಟುಕೊಡೋ ಅಕ್ಕಂದಿರಿದ್ದಾರೆ. ಆದರೆ ಪಹಣಿ ತಿದ್ದುಪಡಿ ಅಂದ್ಕೊಂಡು ಸಹಿ ಹಾಕೋದು ಬೇರೆ. ಒಮ್ಮೆ ರಿಜಿಸ್ಟರ್ ಆದ ಪತ್ರವನ್ನ ಮೋಸದಿಂದ ಮಾಡಿಸಿದ್ದು ಅಂತ ಕೋರ್ಟ್‌ನಲ್ಲಿ ಸಾಬೀತು ಮಾಡೋಕೆ ವರ್ಷಗಳೇ ಬೇಕು.

ಇಲ್ಲಿ ನಮಗೊಂದು ಇಕ್ಕಟ್ಟು. ತಮ್ಮ ನಮ್ಮ ಕಕ್ಷಿದಾರರು. ಒಂದೇ ವಿಷಯದಲ್ಲಿ ಎರಡೂ ಕಡೆಗೆ ನಾವು ವಕೀಲರಾಗೋ ಹಾಗಿಲ್ಲ. ಸೀನಿಯರ್ ಇಬ್ಬರನ್ನೂ ಕೂರಿಸಿ ಹೇಳಿದ್ರು: "ಈ ಪತ್ರ ನಾವು ಬರೆಯಲ್ಲ. ಅಕ್ಕ ಬೇರೆ ವಕೀಲರ ಹತ್ರ ಕೇಳ್ಕೊಂಡು ಬರಲಿ. ಆಮೇಲೂ ಬಿಟ್ಟುಕೊಡ್ತೀನಿ ಅಂದ್ರೆ ಅವರಿಷ್ಟ." ಹಣ ಇಲ್ಲದವರು ಬೇರೆ ವಕೀಲರನ್ನ ಎಲ್ಲಿಂದ ತರೋದು? ಅದಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಯಾವುದೇ ಹೆಣ್ಣುಮಗಳು ಉಚಿತ ವಕೀಲರನ್ನ ಕೇಳಬಹುದು. ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಕೂಡ. ಇವರಿಗೆ ಆದಾಯದ ಮಿತಿ ಇಲ್ಲ. ಉಳಿದ ಬಡವರಿಗೆ ಆದಾಯ ನೋಡಿ ಕೊಡ್ತಾರೆ. ಸಹಾಯವಾಣಿ ಸಂಖ್ಯೆ 15100. ಸೇವ್ ಮಾಡ್ಕೊಳ್ಳಿ.

ತಮ್ಮ ಸಿಟ್ಟು ಮಾಡ್ಕೊಂಡು ಫೈಲ್ ತಗೊಂಡು ಹೋದ್ರು. ಅವರ ಸಂಬಂಧಿಕರ ಇನ್ನೆರಡು ಕೇಸೂ ನಮ್ಮ ಕೈ ಬಿಟ್ಟವು. ಸಣ್ಣ ಆಫೀಸಿಗೆ ಅದು ಸಣ್ಣ ನಷ್ಟ ಅಲ್ಲ. ಆ ತಿಂಗಳ ಬಾಡಿಗೆ ತಡವಾಯ್ತು. ಸುಮಾರು ಎಂಟು ತಿಂಗಳಾದ್ಮೇಲೆ ಆ ಅಕ್ಕನ ಮಗಳು ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ಲು. ಮನೆಯವರೆಲ್ಲ ಕೂತು ಮಾತಾಡಿ ವಿಭಾಗ ಪತ್ರ ರಿಜಿಸ್ಟರ್ ಆಯ್ತಂತೆ. ಅಮ್ಮ ಪೂರ್ತಿ ಭಾಗ ಕೇಳಲಿಲ್ಲ, ತೋಟದಲ್ಲಿ 12 ಗುಂಟೆ ಇಟ್ಕೊಂಡು ಉಳಿದಿದ್ದು ತಮ್ಮನಿಗೆ ಬಿಟ್ರಂತೆ. "ಹಬ್ಬಕ್ಕೆ ಮಾವನ ಮನೆಗೆ ಹೋಗಿದ್ವಿ ಮೇಡಂ" ಅಂದ್ಲು. ನನಗೆ ಅಷ್ಟು ಸಾಕಾಗಿತ್ತು.

ಹಾಗಾದ್ರೆ ನೀವು ದುಡಿಯೋದು ಹೇಗೆ ಅಂತ ಕೇಳ್ತೀರಿ. ಫೀಸ್ ತಗೋತೀವಿ, ತಗೊಳ್ಳದೆ ನಡೆಯಲ್ಲ. ಎಷ್ಟಾಗುತ್ತೆ ಅಂತ ಮೊದಲೇ ಹೇಳ್ತೀವಿ, ಒಟ್ಟಿಗೆ ಕೊಡೋಕೆ ಆಗದವರು ಕಂತಿನಲ್ಲಿ ಕೊಡ್ತಾರೆ. ಕೊಟ್ಟದ್ದಕ್ಕೆ ಚೀಟಿ ಕೊಡ್ತೀವಿ. ಕೇಸ್ ಗೆದ್ರೆ ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಅಂತ ಯಾವ ವಕೀಲರೂ ಮಾತಾಡೋ ಹಾಗಿಲ್ಲ, ಅದು ನಿಯಮಕ್ಕೆ ವಿರುದ್ಧ. ಯಾರಾದ್ರೂ ಹಾಗೆ ಕೇಳಿದ್ರೆ ಅನುಮಾನ ಪಡಿ. "ಖಂಡಿತ ಗೆಲ್ಲಿಸ್ತೀನಿ" ಅಂದ್ರೂ ಅನುಮಾನ ಪಡಿ.

ರಾಜಿ ಆಗೋ ಕೇಸ್‌ಗಳನ್ನ ಲೋಕ ಅದಾಲತ್‌ಗೆ ಒಯ್ಯಿರಿ ಅಂತ ನಾವೇ ಹೇಳ್ತೀವಿ. ಅಲ್ಲಿ ರಾಜಿ ಆದ್ರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಸಿಗುತ್ತೆ, ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ಕೇಸ್ ಮುಗಿದ್ರೆ ನಮ್ಮ ಮುಂದಿನ ಫೀಸೂ ಮುಗೀತು, ನಿಜ. ಆದರೆ ಹತ್ತು ವರ್ಷ ಓಡಾಡಿಸಿದ ವಕೀಲರ ಹತ್ರ ಪಕ್ಕದ ಮನೆಯವರನ್ನ ಯಾರು ಕರ್ಕೊಂಡು ಬರ್ತಾರೆ?

ಈಗ ನಿಮ್ಮ ಕೈಯಲ್ಲಿರೋ ಫೋನಿನ ವಿಷಯ. ಇತ್ತೀಚೆಗೆ ನಮ್ಮ ಬೆಂಚಿನ ಮೇಲೆ ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗರು ಕೂರ್ತಿದ್ದಾರೆ. ಒಬ್ಬ ಡಿಗ್ರಿ ಹುಡುಗ ಪರಿಚಯದವನಿಗೆ ತನ್ನ ಬ್ಯಾಂಕ್ ಅಕೌಂಟು, ಎಟಿಎಂ ಕಾರ್ಡು, ಸಿಮ್ ಕೊಟ್ಟಿದ್ದ. ಸಿಕ್ಕಿದ್ದು ಎರಡು ಸಾವಿರ ರೂಪಾಯಿ. ಮುಂದಿನ ತಿಂಗಳು ಬೇರೆ ರಾಜ್ಯದ ಪೊಲೀಸರ ನೋಟಿಸ್ ಬಂತು. ಯಾರದೋ ನಿವೃತ್ತಿ ಹಣ ಅವನ ಅಕೌಂಟ್ ಮೂಲಕ ಹೋಗಿತ್ತು. ಅವನು ಭಯದಲ್ಲಿ ವಾಟ್ಸಾಪ್ ಚಾಟ್ ಡಿಲೀಟ್ ಮಾಡೋಕೆ ಹೊರಟಿದ್ದ. ನಾವು ಮೊದಲು ತಡೆದದ್ದು ಅದನ್ನ. ಅವನು ಬಚಾವ್ ಆಗೋಕೆ ಇದ್ದ ಸಾಕ್ಷಿಯೇ ಆ ಚಾಟು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35ರಲ್ಲಿ ಪೊಲೀಸರು ಹೀಗೆ ಹಾಜರಾಗೋಕೆ ನೋಟಿಸ್ ಕೊಡ್ತಾರೆ. ಹೇಳಿದ ದಿನ ಹೋಗಿ ಸಹಕರಿಸಿದ್ರೆ ಸಾಮಾನ್ಯವಾಗಿ ಬಂಧಿಸೋ ಹಾಗಿಲ್ಲ, ಬಂಧಿಸಬೇಕಾದ್ರೆ ಕಾರಣ ಬರೆದಿಡಬೇಕು. ನೋಟಿಸ್ ಕಡೆಗಣಿಸಿದ್ರೆ ಕಷ್ಟ. ಅವನು ಅಪ್ಪನ ಜೊತೆ ಹೋಗಿ ಎಲ್ಲ ಹೇಳಿ ಬಂದ. ವಿಚಾರಣೆ ಇನ್ನೂ ನಡೀತಿದೆ. ದಯವಿಟ್ಟು ಅಕೌಂಟ್ ಬಾಡಿಗೆಗೆ ಕೊಡಬೇಡಿ. ನಿಮ್ಮ ಹಣವೇ ಹೋದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ವಿಡಿಯೊ ಕಾಲ್‌ನಲ್ಲಿ "ಡಿಜಿಟಲ್ ಅರೆಸ್ಟ್" ಮಾಡೋ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಹಾಗಂದವನು ಕಳ್ಳ.

ಅದೇ ಫೋನಿಂದ ನೀವು ಮನೆಗೆ ಒಂದು ಉಪಕಾರನೂ ಮಾಡಬಹುದು. ಅಪ್ಪನದೋ ಅಜ್ಜಿಯದೋ ಕೇಸ್ ಇದ್ರೆ ವಕೀಲರ ಹತ್ರ ಸಿಎನ್‌ಆರ್ ನಂಬರ್ ಕೇಳಿ, 16 ಅಕ್ಷರ ಮತ್ತು ಅಂಕಿಗಳದ್ದು. ಇ-ಕೋರ್ಟ್ಸ್ ಸರ್ವೀಸಸ್ ಆಪ್‌ನಲ್ಲಿ ಅದನ್ನ ಹಾಕಿದ್ರೆ ಮುಂದಿನ ದಿನಾಂಕ ಯಾವುದು, ಹಿಂದಿನ ಸಲ ಏನಾಯ್ತು, ಎಲ್ಲ ಕಾಣುತ್ತೆ. ನಮ್ಮ ಗುಮಾಸ್ತರು ಬೆಂಚಿನ ಮೇಲೆ ಕೂತವರ ಮಕ್ಕಳಿಗೆ ಇದನ್ನೇ ಕಲಿಸ್ತಾರೆ. "ವಕೀಲರು ಹೇಳಿದ್ದು ನಿಜನಾ ಅಂತ ಚೆಕ್ ಮಾಡ್ಕೊಳ್ಳಿ, ನಮ್ಮನ್ನೂ ಸೇರಿಸಿ" ಅಂತಾರೆ.

ಎಲ್ಲವನ್ನೂ ನಾವು ಮಾಡೋಕೆ ಆಗಲ್ಲ. ಹೈಕೋರ್ಟ್ ಕೆಲಸ ಬೆಂಗಳೂರಿಗೆ ಕಳಿಸ್ತೀವಿ. ಗೊತ್ತಿಲ್ಲದ ವಿಷಯಕ್ಕೆ ಗೊತ್ತಿರೋರ ಹತ್ರ ಕಳಿಸ್ತೀವಿ. ಕೇಸ್ ತಡ ಆಗೋದನ್ನ ನಿಲ್ಲಿಸೋಕೆ ನಮ್ಮಿಂದ ಆಗಲ್ಲ. ಆದರೆ ಒಂದು ಕಾಗದವನ್ನ ನಿಮ್ಮ ಜೊತೆ ಕೂತು, ನಿಮಗೆ ಅರ್ಥ ಆಗೋ ಮಾತಲ್ಲಿ ಓದೋಕೆ ಆಗುತ್ತೆ. ನಿಮ್ಮ ಊರಲ್ಲೂ ಅಂಥ ಒಂದು ಬೆಂಚು ಇದ್ದೇ ಇರುತ್ತೆ.

ಬಹಳ ಜನ ನಮ್ಮ ಹತ್ರ ಬರೋದು ಸಹಿ ಹಾಕಿ ಆದ್ಮೇಲೆ. ಇವತ್ತು ಮನೆಗೆ ಹೋದಾಗ ಅಮ್ಮನ್ನ ಒಂದು ಮಾತು ಕೇಳಿ, ಇತ್ತೀಚೆಗೆ ಯಾರಾದ್ರೂ ಯಾವುದಕ್ಕಾದ್ರೂ ಸಹಿ ಕೇಳಿದ್ರಾ ಅಂತ. ಕೇಳಿದ್ದಾರೆ ಅಂದ್ರೆ, ಹಾಕೋಕೆ ಮುಂಚೆ ಆ ಕಾಗದ ಯಾರ ಹತ್ರಾದ್ರೂ ಓದಿಸಿ.