ನೊಣ ಯಾವ ಆಲಿವ್ ಕಾಯಿ ಬಿಡುತ್ತೆ?

ಹೋದ ಸಲ ಆಲಿವ್ ಎಣ್ಣೆ ರೇಟ್ ಬಗ್ಗೆ ಮಾತಾಡಿದ್ವಿ. ಇವತ್ತು ಆ ರೇಟನ್ನ ಏರಿಸಬಲ್ಲ ಒಂದು ನೊಣದ ವಿಷಯ. ಉದ್ದ 5 ಮಿಲಿಮೀಟರ್ ಅಷ್ಟೇ. ನಮ್ಮ ಶ್ರೀನಿವಾಸಪುರದ ಮಾವಿನ ತೋಟಗಳನ್ನ ಕಾಡೋ ಹಣ್ಣು ನೊಣದ ಹತ್ತಿರದ ನೆಂಟ. ವಿಜ್ಞಾನಿಗಳ ಲೆಕ್ಕದಲ್ಲಿ ಎರಡರ ಮನೆತನದ ಹೆಸರೂ ಒಂದೇ, ಬ್ಯಾಕ್ಟ್ರೋಸೆರಾ. ಹೆಣ್ಣು ನೊಣ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತೆ, ಹುಳ ಒಳಗಿನ ತಿರುಳು ತಿನ್ನುತ್ತೆ. 2014ರಲ್ಲಿ ಇಟಲಿಯ ಬೆಳೆ ಕೈಕೊಟ್ಟಿದ್ದಕ್ಕೆ ಈ ನೊಣ ಒಂದು ದೊಡ್ಡ ಕಾರಣ.

ಹುಳ ತಿಂದ ಕಾಯಿಯ ಎಣ್ಣೆಯಲ್ಲಿ ಆಮ್ಲ ಏರುತ್ತೆ. 0.8 ಪರ್ಸೆಂಟ್ ದಾಟಿದ್ರೆ ಅದನ್ನ ಎಕ್ಸ್‌ಟ್ರಾ ವರ್ಜಿನ್ ಅಂತ ಮಾರೋ ಹಾಗಿಲ್ಲ. ಅಂದ್ರೆ ಅದೇ ಮರ, ಅದೇ ಕೂಲಿ, ಆದರೆ ಕಮ್ಮಿ ರೇಟು. ಇದರ ಮೇಲೆ, ರೈತರು ವರ್ಷಗಟ್ಟಲೆ ನಂಬಿದ್ದ ಡೈಮೀಥೋಯೇಟ್ ಔಷಧಿಯ ಅನುಮತಿಯನ್ನ ಯುರೋಪಿಯನ್ ಒಕ್ಕೂಟ 2019ರಲ್ಲಿ ನವೀಕರಿಸಲಿಲ್ಲ. ಹಾಗಾಗಿ ಈಗ ಎಲ್ಲರ ಕಣ್ಣು ತಳಿ ಮೇಲೆ.

ತಳಿಯಲ್ಲಿ ವ್ಯತ್ಯಾಸ ಇರೋದು ನಿಜ. ಗ್ರೀಸ್‌ನ ಕೊರೊನೇಕಿ ಕಾಯಿ ಒಂದು ಗ್ರಾಂ ಆಸುಪಾಸು. ಇಟಲಿಯ ಆಸ್ಕೊಲಾನಾ, ಒಳಗೆ ಮಾಂಸ ತುಂಬಿ ಕರಿತಾರಲ್ಲ ಅದು, ಅದರ ಎಷ್ಟೋ ಪಟ್ಟು ದಪ್ಪ. ಒಂದೇ ತೋಟದಲ್ಲಿ ಎರಡೂ ಇದ್ರೆ ನೊಣ ಸಾಮಾನ್ಯವಾಗಿ ದೊಡ್ಡದಕ್ಕೇ ಹೋಗುತ್ತೆ. ಆದರೆ ಇದು ಆಯ್ಕೆ ಇದ್ದಾಗಿನ ಮಾತು. ಕ್ರೀಟ್ ದ್ವೀಪದಲ್ಲಿ ಎಲ್ಲಿ ನೋಡಿದ್ರೂ ಕೊರೊನೇಕಿನೇ, ಅಲ್ಲಿ ನೊಣಕ್ಕೆ ಅದೇ ಊಟ. ನರ್ಸರಿಯವರು “ಕೀಟ ನಿರೋಧಕ” ಅಂತ ಒಂದೇ ಪದದಲ್ಲಿ ಗಿಡ ಮಾರಿದ್ರೆ, ಅಕ್ಕಪಕ್ಕದ ತೋಟದಲ್ಲಿ ಏನಿದೆ ಅಂತ ರೈತ ಮೊದಲು ನೋಡಬೇಕು.

ಇನ್ನೊಂದು ರಕ್ಷಣೆ ಕಹಿ. ಹಸಿ ಆಲಿವ್ ಬಾಯಿಗಿಟ್ರೆ ಉಗುಳ್ತೀರ, ಅದಕ್ಕೇ ಉಪ್ಪುನೀರಲ್ಲೋ ಕ್ಷಾರದಲ್ಲೋ ನೆನೆಸೋದು. ಆ ಕಹಿ ಒಲ್ಯುರೋಪೀನ್. ಕಾಯಿ ಗಾಯವಾದ ತಕ್ಷಣ ಅದರದ್ದೇ ಒಂದು ಕಿಣ್ವ ಒಲ್ಯುರೋಪೀನನ್ನ ಒಡೆಯುತ್ತೆ, ಬಂದ ವಸ್ತು ಪ್ರೋಟೀನಿಗೆ ಅಂಟಿಕೊಂಡು ಹುಳಕ್ಕೆ ಜೀರ್ಣವಾಗದ ಹಾಗೆ ಮಾಡುತ್ತೆ. ಚೆನ್ನಾಗಿದೆ ಅಲ್ವಾ? ಆದರೆ ನೊಣವೂ ಕಮ್ಮಿ ಇಲ್ಲ. ಅದರ ಹೊಟ್ಟೆಯಲ್ಲೊಂದು ಬ್ಯಾಕ್ಟೀರಿಯಾ ಇದೆ, ತಾಯಿಯಿಂದ ಮರಿಗೆ ಬರುತ್ತೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬ್ಯಾಕ್ಟೀರಿಯಾ ಇಲ್ಲದ ಹುಳಗಳು ಹಸಿರು ಕಾಯಲ್ಲಿ ಬೆಳೆಯಲಿಲ್ಲ, ಹಣ್ಣಾದ ಮೇಲೆ ಬೆಳೆದವು.

ಅಂದ್ರೆ ಮರದ ಕಹಿ ಇನ್ನೂ ಕೆಲಸ ಮಾಡುತ್ತೆ, ನೊಣದ ಹೊಟ್ಟೆಯ ಬಾಡಿಗೆದಾರನನ್ನ ಓಡಿಸಿದ್ರೆ. ಎಲೆ ರೋಗಕ್ಕೆ ಹೊಡೆಯೋ ತಾಮ್ರದ ಔಷಧಿ ಆ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡುತ್ತಾ ಅಂತ ಪ್ರಯೋಗಗಳು ನಡೆದಿವೆ. ಆದರೆ ತಾಮ್ರ ಮಣ್ಣಲ್ಲೇ ಉಳಿಯುತ್ತೆ. ಯುರೋಪಿನಲ್ಲಿ ಅದಕ್ಕೆ ಮಿತಿ ಹೆಕ್ಟೇರಿಗೆ 7 ವರ್ಷದಲ್ಲಿ 28 ಕಿಲೋ.